ಅವ್ವನನ್ನು ಕೇಳಿದರೆ ಕಾಪಿಯಂತೆ!

ಈ ಬೇಸಿಗೆಯಲ್ಲಿ ಪುಣೆಯ ಕಾತ್ರಜದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಅಪರಾಧ ನಡೆಯಿತು. ಹಾಡಹಗಲೇ ನಡೆಯಿತು. ನನ್ನ ಕಣ್ಣೆದುರಿಗೇ ನಡೆಯಿತು.

ಅಪರಾಧಿ ನಮ್ಮ ಮೇಲಿನ ಮಹಡಿಯ ಹುಡುಗಿ, ಹನ್ನೆರಡನೇ ಕ್ಲಾಸು ಮುಗಿಸಿದವಳು. ಜೊತೆಗಿದ್ದ ಅಪರಾಧಿ ಅವಳ ತಾಯಿ. ಜಾಗ ಕೊಟ್ಟವಳು, ವೈಫೈ ಕೊಟ್ಟವಳು, ಎಲ್ಲ ಮುಗಿದ ಮೇಲೆ ಇಬ್ಬರಿಗೂ ಚಹಾ ಕುದಿಸಿ ಕೊಟ್ಟವಳು ನಾನು. (ನನ್ನ ಮೇಲೂ ಒಂದು ಕೇಸ್ ಹಾಕಬಹುದು.)

ಅಂಥದ್ದೇನು ಮಾಡಿದರು ಅಂತೀರಾ? ಮಗಳು ತಾಯಿಯನ್ನು ಒಂದು ಮಾತು ಕೇಳಿದಳು. ತಾಯಿ ಒಂದು ಮಾತಿನಲ್ಲಿ ಉತ್ತರ ಕೊಟ್ಟಳು. ಇಷ್ಟೇ. ಇಷ್ಟಕ್ಕೇ ಒಂದು ದೊಡ್ಡ ವಿಶ್ವವಿದ್ಯಾಲಯ ಆ ಹುಡುಗಿಗೆ ಕಾಪಿ ಹೊಡೆದವಳೆಂಬ ಹಣೆಪಟ್ಟಿ ಕಟ್ಟಿತು.

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲದ್ದೇನಲ್ಲ. ಹೋದ ಸಲ ನೀರಿನ ಟ್ಯಾಂಕರ್‌ನವನ ಮೇಲೆ ಬರೆದಾಗ, ಇಷ್ಟು ಸಿಟ್ಟು ಒಳ್ಳೆಯದಲ್ಲ ಮೇಡಂ ಎಂದು ಮೂರ್ನಾಲ್ಕು ಮಂದಿ ಮೆಸೇಜ್ ಹಾಕಿದ್ದರು. ಅದು ಸಿಟ್ಟೇ ಅಲ್ಲ ಮಾರಾಯರೇ. ಸಿಟ್ಟು ಇದು.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಇದು ನನ್ನ ಮನೆಯ ಮಾತಲ್ಲ, ಇನ್ನೊಬ್ಬರ ಮನೆಯದು. ಅದಕ್ಕೇ ಬರೆಯುವ ಮೊದಲು ಮೇಲೆ ಹತ್ತಿಹೋಗಿ ಇಬ್ಬರನ್ನೂ ಕೇಳಿದೆ. ಮಗಳು ತಾಯಿಯ ಮುಖ ನೋಡಿದಳು. ತಾಯಿ, ಬರೆಯಿರಿ, ಹೆಸರು ಮಾತ್ರ ಬೇಡ ಅಂದಳು. ಹಾಗಾಗಿ ಮಗಳನ್ನು ರೇಣುಕಾ ಅನ್ನೋಣ, ತಾಯಿಯನ್ನು ಮಲ್ಲಮ್ಮ ಅನ್ನೋಣ. ವಿಶ್ವವಿದ್ಯಾಲಯದ ಹೆಸರನ್ನೂ ನಾನು ಬರೆಯುವುದಿಲ್ಲ. ಅದು ಅವರ ಮೇಲಿನ ಗೌರವಕ್ಕಲ್ಲ, ಹುಡುಗಿಗೆ ತೊಂದರೆಯಾಗಬಾರದೆಂದು.

ಮಲ್ಲಮ್ಮನವರದು ಯಾದಗಿರಿ ಕಡೆ. ಗಂಡ ಹೆಂಡತಿ ಮೊದಲು ಬಂದದ್ದು ಕಟ್ಟಡದ ಕೆಲಸಕ್ಕೆ. ಈಗ ಗಂಡ ಮಾರ್ಕೆಟ್ ಯಾರ್ಡ್‌ನಲ್ಲಿ ಟೆಂಪೊ ಓಡಿಸುತ್ತಾನೆ. ಮಲ್ಲಮ್ಮ ನಮ್ಮ ಗಲ್ಲಿಯ ತುದಿಯ ಪೋಳಿ-ಭಾಜಿ ಕೇಂದ್ರದಲ್ಲಿ ರೊಟ್ಟಿ ಬಡಿಯುತ್ತಾಳೆ. (ಪುಣೆಗೆ ಬಂದು ಗೊತ್ತಿಲ್ಲದವರಿಗೆ: ಚಪಾತಿ, ಪಲ್ಯ, ರೊಟ್ಟಿ ಮಾಡಿ ಕಟ್ಟಿಕೊಡುವ ಅಂಗಡಿ. ಕೆಲಸಕ್ಕೆ ಹೋಗುವ ಅರ್ಧ ಪುಣೆಯ ಹೊಟ್ಟೆ ತುಂಬುವುದು ಇಲ್ಲಿಂದಲೇ.) ನಮ್ಮ ಜೋಳದ ರೊಟ್ಟಿಯನ್ನೇ ಇಲ್ಲಿನವರು ಭಾಕ್ರಿ ಎಂದು ಸಾಲು ಹಚ್ಚಿ ಒಯ್ಯುತ್ತಾರೆ. ಮಲ್ಲಮ್ಮ ರಜೆ ಹಾಕಿದ ದಿನ ಅವರ ಮುಖ ನೋಡಬೇಕು ನೀವು.

ರೇಣುಕಾ ಶಾಲೆ ಓದಿದ್ದು ಮರಾಠಿಯಲ್ಲಿ, ಮನೆಯಲ್ಲಿ ಮಾತು ಕನ್ನಡ, ಇಂಗ್ಲಿಷ್ ತಾನೇ ಕುಸ್ತಿ ಹಿಡಿದು ಕಲಿತದ್ದು. ನನ್ನನ್ನು ಇಲ್ಲಿಯ ಮಕ್ಕಳ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ನಮ್ಮ ಬಿಲ್ಡಿಂಗ್‌ನ ಹಿಂದಿನ ಗಲ್ಲಿಯಲ್ಲಿ ಇರುವ ನಮ್ಮ ಕಡೆಯ ಹೆಂಗಸರಿಗೆ ಆಸ್ಪತ್ರೆಯಿರಲಿ, ರೇಷನ್ ಅಂಗಡಿಯಿರಲಿ, ಮರಾಠಿಯಲ್ಲಿ ಜಗಳವಾಡುವ ಪ್ರಸಂಗ ಬಂದರೆ ಕರೆಯುವುದು ಇವಳನ್ನೇ. ಮಾತು ಕಡಿಮೆ, ಆದರೆ ಆಡಿದರೆ ಎದುರಿನವನು ದಾರಿಗೆ ಬರುತ್ತಾನೆ.

ಇವಳಿಗೆ ವಕೀಲೆಯಾಗಬೇಕು. ಅದೂ ಆ ವಿಶ್ವವಿದ್ಯಾಲಯದಲ್ಲೇ ಓದಬೇಕು. ಅಲ್ಲಿ ಸೀಟು ಸಿಗುವುದೇ ಕಷ್ಟ. ಸಿಕ್ಕರೂ ಪೂರ್ತಿ ಸ್ಕಾಲರ್‌ಶಿಪ್ ಸಿಗದಿದ್ದರೆ ಇವರ ಪಾಲಿಗೆ ಸಿಕ್ಕಂತಲ್ಲ.

ಈ ಸುದ್ದಿ ಬಿಲ್ಡಿಂಗ್‌ನಲ್ಲಿ ಹಬ್ಬಿದ್ದೇ ತಡ, ಎಲ್ಲರೂ ಚಾನ್ಸ್ ಲೆಕ್ಕ ಹಾಕಲು ಶುರುಮಾಡಿದರು. ಎರಡನೇ ಮಹಡಿಯ ಕುಲಕರ್ಣಿಯವರು ಕಷ್ಟ ಕಷ್ಟ ಅಂದರು. ವಾಚ್‌ಮನ್ ಆಗ್ತದೆ ಬಿಡಿ ಅಂದ. ಹಾಲಿನವನು ಕೂಡ ಒಂದು ಅಭಿಪ್ರಾಯ ಇಟ್ಟುಕೊಂಡಿದ್ದ! ಒಂದು ಹುಡುಗಿ ಓದಬೇಕು ಅಂದರೆ ಅವಳು ಏನು ಓದುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ಸಿಗುತ್ತಾ, ಸಿಗಲ್ವಾ? ಇಷ್ಟೇ ಪ್ರಶ್ನೆ. ಕ್ರಿಕೆಟ್ ಮ್ಯಾಚ್ ನೋಡುತ್ತ ಕೂತವರ ಹಾಗೆ.

ಈ ಚಾನ್ಸ್ ಹೇಳುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ ನೋಡಿ. ಇಲ್ಲಿಯ ಡೆಕ್ಕನ್ ಬಡಾವಣೆಯ ಕಡೆ ಒಬ್ಬ ಕೌನ್ಸೆಲರ್ ಇದ್ದಾನೆ, ಮೊದಲ ಭೇಟಿ ಪುಕ್ಕಟೆ ಎಂದು ನನ್ನ ನಾದಿನಿ ಹೇಳಿದಳು. ಪುಕ್ಕಟೆ ಅಂದ ಮೇಲೆ ಧಾರವಾಡದವಳು ಬಿಡುತ್ತಾಳೆಯೇ? ರೇಣುಕಾಳನ್ನು ಕರೆದುಕೊಂಡು ಹೋದೆ.

ಗಾಜಿನ ಬಾಗಿಲು, ಎಸಿ, ಗೋಡೆಯ ತುಂಬ ನಗುವ ಮಕ್ಕಳ ಫೋಟೊ. ಕೌನ್ಸೆಲರ್ ಹುಡುಗ ಸಭ್ಯಸ್ಥ. ಮಾರ್ಕ್ಸ್ ಕೇಳಿದ, ಕೊಟ್ಟಳು. ಯಾವ ಸ್ಪರ್ಧೆ ಗೆದ್ದಿದ್ದೀಯ ಅಂದ, ಇಲ್ಲ ಅಂದಳು. ಬೇಸಿಗೆ ರಜೆಯಲ್ಲಿ ಏನು ಮಾಡುತ್ತೀಯ ಅಂದ. ಅವ್ವನ ಜೊತೆ ಕೇಂದ್ರಕ್ಕೆ ಹೋಗುತ್ತೇನೆ ಅಂದಳು. ಅದನ್ನು ಅವನು ಟೈಪ್ ಮಾಡಲೇ ಇಲ್ಲ. ಕೊನೆಗೆ ಹಿಂದಕ್ಕೆ ಒರಗಿ ಮರಾಠಿಯಲ್ಲಿ ಕೇಳಿದ, "ಸ್ಟೋರಿ ಕಾಯ್ ಆಹೇ?"

ನಿನ್ನ ಕಥೆ ಏನು ಎಂದು! ಪಾಪ, ಹುಡುಗಿ ನನ್ನ ಮುಖ ನೋಡಿದಳು. ಸೀಟಿಗೆ ಬಂದವಳು ಕಥೆ ಯಾಕೆ ಹೇಳಬೇಕಪ್ಪಾ ಎಂದು ನಾನು ನಡುವೆ ಬಾಯಿ ಹಾಕಿದೆ. ಅವನು ನಕ್ಕ. ಎಲ್ಲರ ಹತ್ತಿರವೂ ಒಂದು ಕಥೆ ಇರುತ್ತದೆ ಮ್ಯಾಮ್, ಪ್ಯಾಕೇಜಿಂಗ್ ಮಾತ್ರ ನಮ್ಮದು ಅಂದ. ಆಮೇಲೆ ಏನೋ ಒತ್ತಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದ. ಸಿಗ್ನಲ್ ದೀಪದ ಹಾಗೆ ಮೂರು ಬಣ್ಣ. ಮಾರ್ಕ್ಸ್ ಹಸಿರು, ಇಂಗ್ಲಿಷ್ ಹಳದಿ, ಪರ್ಸನಾಲಿಟಿ ಕೆಂಪು.

ಪರ್ಸನಾಲಿಟಿ ಕೆಂಪಂತೆ! ಒಂದು ಗಂಟೆ ಕೂಡ ಕೂತಿಲ್ಲ, ಹುಡುಗಿಯ ಪರ್ಸನಾಲಿಟಿಗೆ ಬಣ್ಣ ಬಳಿದುಬಿಟ್ಟ. ಹಿಂದಿನ ಗಲ್ಲಿಯ ಹೆಂಗಸರನ್ನು ಕೇಳಬೇಕಿತ್ತು ಅವನು, ಹೇಳುತ್ತಿದ್ದರು ಅದು ಯಾವ ಬಣ್ಣ ಎಂದು. ವಾಪಸು ಬರುವಾಗ ಬಸ್ಸಿನ ತುಂಬ ನಾನು ಗೊಣಗಿದೆ. ರೇಣುಕಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆ ಕೆಂಪು ಬಣ್ಣದ ಹುಡುಗಿ ಲಿಖಿತ ಪರೀಕ್ಷೆಯನ್ನು ಸಲೀಸಾಗಿ ಪಾಸಾದಳು. ಇನ್ನು ಉಳಿದದ್ದು ಆನ್‌ಲೈನ್ ಸಂದರ್ಶನ. ಈಮೇಲ್‌ನಲ್ಲಿ ಸೂಚನೆ ಬಂತು: ಶಾಂತವಾದ ಜಾಗದಲ್ಲಿ ಕೂತಿರಬೇಕು, ಇಂಟರ್‌ನೆಟ್ ಸರಿಯಾಗಿರಬೇಕು, ಅಡಚಣೆ ಇರಬಾರದು. ಅವರ ಮನೆಯಲ್ಲಿ ಪಕ್ಕದವರ ಟಿವಿ ಇವರ ಗೋಡೆಯಲ್ಲೇ ಮಾತಾಡುತ್ತದೆ. ಹಾಗಾಗಿ ನಮ್ಮ ಹಾಲ್ ಎಂದು ನಿಶ್ಚಯವಾಯಿತು. ನಾನು ಮನೆಯವರನ್ನು ಪೇಪರ್ ಸಮೇತ ಬೆಡ್‌ರೂಮಿಗೆ ಕಳಿಸಿ ಬಾಗಿಲು ಹಾಕಿದೆ. (ಅವರ ಕೆಮ್ಮು ನಮ್ಮ ಇಡೀ ಬಿಲ್ಡಿಂಗ್‌ಗೆ ಪರಿಚಿತ.) ಕರೆಗಂಟೆಯ ಸ್ವಿಚ್ ಆರಿಸಿದೆ. ಕುಕ್ಕರ್ ಇಡಲಿಲ್ಲ.

ಹೊತ್ತಿಗೆ ಸರಿಯಾಗಿ ಮಲ್ಲಮ್ಮ ಬಂದಳು. ಕೇಂದ್ರದಿಂದ ಅರ್ಧ ದಿನದ ರಜೆ ಕೇಳಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಬಳೆಯ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಅಡಚಣೆ ಇರಬಾರದು ಎಂದು ಬರೆದಿದ್ದಾರೆ ಎಂದು ಮಗಳು ಮೆಲ್ಲಗೆ ಹೇಳಿದಳು. ಮಲ್ಲಮ್ಮ ನನ್ನ ಕಡೆ ತಿರುಗಿದಳು.

"ನಾ ಅಡಚಣಿ ಆಗ್ತೀನೇನ್ರಿ ಅಕ್ಕಾರ?"

ಏನು ಹೇಳಬೇಕು ಇದಕ್ಕೆ? ನೀವೇ ಹೇಳಿ. ನಮ್ಮಲ್ಲಿ ಮಕ್ಕಳು ಪರೀಕ್ಷೆಗೆ ಹೊರಟರೆ ಕಾಲಿಗೆ ಬಿದ್ದು ಹೋಗುತ್ತಾರೆ. ಕೈಗೆ ಮೊಸರು-ಸಕ್ಕರೆ ಹಾಕಿ ಕಳಿಸುತ್ತೇವೆ. ಹೊರಗಿನ ದೊಡ್ಡ ಮನುಷ್ಯರು ಮಗಳೊಡನೆ ಮಾತಾಡಲು ಬರುತ್ತಾರೆ ಅಂದರೆ, ಪರದೆಯ ಮೇಲೇ ಬರಲಿ, ತಾಯಿ ಮನೆಯಲ್ಲಿರಬೇಕು. ಇರದಿದ್ದರೆ ಅದು ಬಂದವರಿಗೆ ಮಾಡಿದ ಅಗೌರವ. ತಾಯಿಯನ್ನು ಅಡಚಣೆಯ ಲೆಕ್ಕದಲ್ಲಿ ಸೇರಿಸಬೇಕೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರಿಸಿದೆವು. ನಾನು ಅವಳ ಹಿಂದೆ ನಿಂತೆ.

ಪರದೆಯ ಮೇಲೆ ಮೂವರು ಬಂದರು. ಇಬ್ಬರು ಗಂಡಸರು, ನಡುವೆ ಒಬ್ಬ ಹೆಂಗಸು. ರೇಣುಕಾ ಮೊದಲು ಸ್ವಲ್ಪ ತೊದಲಿದಳು, ಆಮೇಲೆ ಹದಕ್ಕೆ ಬಂದಳು. ಪೇಪರ್‌ನಲ್ಲಿ ಬಂದ ಯಾವುದೋ ತೀರ್ಪಿನ ಬಗ್ಗೆ ಕೇಳಿದರು, ತನಗೆ ತಿಳಿದಷ್ಟು ಹೇಳಿ, ಉಳಿದದ್ದು ಗೊತ್ತಿಲ್ಲ ಅಂದಳು. ಮಲ್ಲಮ್ಮನಿಗೆ ಇಂಗ್ಲಿಷ್ ತಿಳಿಯುವುದಿಲ್ಲ. ಆದರೆ ಮಗಳ ದನಿ ಏರಿದಾಗೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಆಮೇಲೆ ನಡುವಿನ ಹೆಂಗಸು ಕೇಳಿದಳು. ಕಾನೂನೇ ಯಾಕೆ? ನಿಜವಾದ ಕಾರಣ ಹೇಳು.

ರೇಣುಕಾ ಲ್ಯಾಪ್‌ಟಾಪ್‌ನಿಂದ ಮುಖ ತಿರುಗಿಸಿ ಅಡುಗೆಮನೆ ಬಾಗಿಲ ಕಡೆ ನೋಡಿದಳು.

"ಅವ್ವಾ, ಹೇಳ್ಲೇನು?"

ಯಾವ ಪ್ರಶ್ನೆ ಎಂದು ಭಾಷೆ ಬರದಿದ್ದರೂ ಮಲ್ಲಮ್ಮನಿಗೆ ತಿಳಿದುಹೋಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗಳನ್ನು ನೋಡಿದಳು.

"ಹೇಳವ್ವ," ಅಂದಳು.

ಯಾರ ಜೊತೆ ಮಾತಾಡಿದೆ ಎಂದು ಪರದೆಯಿಂದ ಪ್ರಶ್ನೆ ಬಂತು. ನನ್ನ ತಾಯಿ ಎಂದು ರೇಣುಕಾ ಹೇಳಿದಳು. ಏನು ಕೇಳಿದೆ ಅಂದರು. ಇದು ಅವರ ವಿಷಯ, ಹೇಳಬಹುದೇ ಎಂದು ಕೇಳಿದೆ ಅಂದಳು. ಎಲ್ಲ ಇಂಗ್ಲಿಷ್‌ನಲ್ಲೇ, ಸ್ಪಷ್ಟವಾಗಿ. ಸರಿ, ಮುಂದುವರಿಸು ಅಂದರು.

ಅವಳು ಹೇಳಿದಳು. ಮಲ್ಲಮ್ಮನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಕಟ್ಟಡದ ಕೆಲಸದಲ್ಲಿದ್ದಾಗ ಹೊಟ್ಟೆನೋವು ಬಂತು. ಗಂಡ ಲಾರಿಯಲ್ಲಿ ಬೇರೆ ಊರಿಗೆ ಹೋಗಿದ್ದ. ಕೂಲಿಯವರ ಮೇಲಿನ ಮುಕಾದಮ ಇವಳನ್ನು ಯಾವುದೋ ದವಾಖಾನೆಗೆ ಒಯ್ದ. ಅಲ್ಲಿನ ಡಾಕ್ಟರ್ ಮರಾಠಿಯಲ್ಲಿ ಮುಕಾದಮನಿಗೆ ಏನೋ ಹೇಳಿದ, ಮುಕಾದಮ ಆಗಲಿ ಅಂದ. ಮಲ್ಲಮ್ಮನಿಗೆ ಆಗ ಮರಾಠಿ ಬರುತ್ತಿರಲಿಲ್ಲ. ಎಚ್ಚರವಾದಾಗ ಗರ್ಭಕೋಶ ಇರಲಿಲ್ಲ. ಅದನ್ನು ತೆಗೆಯುವ ಅಗತ್ಯವೇ ಇರಲಿಲ್ಲ ಎಂದು ಎಷ್ಟೋ ದಿನದ ಮೇಲೆ ಇನ್ನೊಬ್ಬ ಡಾಕ್ಟರ್ ಹೇಳಿದ. ಪುಟ್ಟ ರೇಣುಕಾ ಆ ದಿನ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಬಿಸ್ಕಿಟ್ ತಿನ್ನುತ್ತ ಕೂತಿದ್ದಳು.

"ನನ್ನ ತಾಯಿಯ ದೇಹದ ಬಗ್ಗೆ ಅಲ್ಲಿ ಎಲ್ಲರೂ ಮಾತಾಡಿದರು, ಅವಳನ್ನು ಯಾರೂ ಕೇಳಲಿಲ್ಲ," ಎಂದು ಅವಳು ಇಂಗ್ಲಿಷ್‌ನಲ್ಲಿ ಹೇಳಿದಳು. "ಅದಕ್ಕೇ ನನಗೆ ಕಾನೂನು ಬೇಕು."

ಇಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇವೆ, ನನಗೆ ಇದೊಂದೂ ಗೊತ್ತಿರಲಿಲ್ಲ. ಮಲ್ಲಮ್ಮನ ಹೆಗಲ ಮೇಲೆ ಕೈ ಇಟ್ಟೆ. ಅವಳು ಅಳಲಿಲ್ಲ, ನಾನೇ ಅತ್ತೆ. ಪರದೆಯ ಮೇಲಿನವರು ಥ್ಯಾಂಕ್ಯೂ ಅಂದರು, ಮಾಯವಾದರು. ನಾವು ಮೂವರೂ ಚಹಾ ಕುಡಿದೆವು. ಸೀಟು ಇವಳದೇ ಎಂದು ನನ್ನ ಮನಸ್ಸಿನಲ್ಲಿ ನಾನು ಬರೆದುಕೊಂಡೂ ಆಗಿತ್ತು.

ಮುಂದಿನ ವಾರ ಈಮೇಲ್ ಬಂತು. ಅಭ್ಯರ್ಥಿಯು ಸಂದರ್ಶನದ ವೇಳೆ ಕೋಣೆಯಲ್ಲಿದ್ದ ಇನ್ನೊಬ್ಬ ವ್ಯಕ್ತಿಯಿಂದ ಪ್ರಾದೇಶಿಕ ಭಾಷೆಯಲ್ಲಿ ನೆರವು ಪಡೆದಿರುವುದು ಕಂಡುಬಂದಿದೆ. ಪ್ರಾಮಾಣಿಕತೆಯ ನಿಯಮದ ಉಲ್ಲಂಘನೆ. ಅರ್ಜಿಯನ್ನು ಮುಂದುವರಿಸಲಾಗುವುದಿಲ್ಲ.

ನೆರವಂತೆ! "ಹೇಳವ್ವ" ಅನ್ನುವುದು ನೆರವು! ಇಡೀ ಕಾನೂನು ಶಾಸ್ತ್ರ ಆ ಒಂದು ಮಾತಿನಲ್ಲಿ ಮಲ್ಲಮ್ಮ ಹೇಳಿಕೊಟ್ಟುಬಿಟ್ಟಳೇ? ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲ, ಆ ಹೆಂಗಸನ್ನು ಆ ವಿಷಯದಲ್ಲಿ ಜೀವನದಲ್ಲಿ ಮೊದಲ ಸಲ ಒಬ್ಬರು ಕೇಳಿದರು. ಹೇಳಲೇ ಎಂದು ಕೇಳಿದರು. ಕಾನೂನು ಓದಲು ಬಂದ ಹುಡುಗಿ ಮಾಡಬೇಕಾದ ಮೊದಲ ಕೆಲಸವೇ ಅದಲ್ಲವೇ? ಕಾನೂನು ಕಲಿಸುವವರಿಗೆ ಅದು ಕಳ್ಳತನವಾಗಿ ಕಂಡಿತು.

ಮಲ್ಲಮ್ಮ ಕೆಳಗೆ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ನಾ ಬರಬಾರ್ದಾಗಿತ್ರಿ ಅಕ್ಕಾರ. ನನ್ನಿಂದ ಹೋತು."

ಇಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಅವತ್ತಿನಿಂದ ನನ್ನ ಕಣ್ಣಿಗೆ ಬೀಳದಂತೆ ಓಡಾಡತೊಡಗಿದಳು. ರೇಣುಕಾ ಎರಡು ದಿನ ಊಟ ಬಿಟ್ಟಳು ಎಂದು ಆಮೇಲೆ ಗೊತ್ತಾಯಿತು. ಆ ಈಮೇಲ್ ಬರೆದವರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಅವರು ಸೆಂಡ್ ಒತ್ತಿ ಊಟಕ್ಕೆ ಹೋಗಿರುತ್ತಾರೆ.

ನಾನು ಬಿಡಲಿಲ್ಲ. ಬ್ಯಾಂಕಿನಲ್ಲಿ ಕೌಂಟರ್‌ನ ಆ ಕಡೆ ಕೂತು ಕೂತು ನಿವೃತ್ತಳಾದವಳು ನಾನು. ಫೋನ್ ಎತ್ತದವರ ಹತ್ತಿರ ಫೋನ್ ಎತ್ತಿಸುವ ವಿದ್ಯೆ ನನಗೆ ಗೊತ್ತು. ಕೊನೆಗೆ ಅಡ್ಮಿಷನ್ ಆಫೀಸಿನ ಒಬ್ಬ ಹುಡುಗ ಸಿಕ್ಕ. ಬೆಣ್ಣೆಯಂಥ ದನಿ. ಪ್ರತಿ ವಾಕ್ಯಕ್ಕೂ ಐ ಅಂಡರ್‌ಸ್ಟ್ಯಾಂಡ್ ಮ್ಯಾಮ್.

ರೆಕಾರ್ಡಿಂಗ್ ಇದೆಯೇ ಎಂದು ಕೇಳಿದೆ. ಇದೆ ಅಂದ. ಅದರಲ್ಲಿ ಹುಡುಗಿ ಏನು ಕೇಳಿದ್ದಾಳೆ ಎಂದು ನೋಡಿದಿರಾ? ನೋಡಿದ್ದೇವೆ ಮ್ಯಾಮ್, ಆದರೆ ಕಮಿಟಿಯಲ್ಲಿ ಕನ್ನಡ ಬರುವವರು ಯಾರೂ ಇಲ್ಲ. ಅವಳೇ ಅಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದ್ದಾಳಲ್ಲ, ಏನು ಕೇಳಿದೆ ಎಂದು? ಅದನ್ನು ವೆರಿಫೈ ಮಾಡಲು ಆಗುವುದಿಲ್ಲ ಮ್ಯಾಮ್. ನಾನು ಹೇಳುತ್ತೇನೆ ಅದರ ಅರ್ಥ. ನೀವು ಅವರ ಕಡೆಯವರು ಮ್ಯಾಮ್. ಹಾಗಾದರೆ ಕನ್ನಡ ಬರುವ ಬೇರೆ ಯಾರನ್ನಾದರೂ ಕೇಳಿ, ಕೋಟಿಗಟ್ಟಲೆ ಜನ ಇದ್ದೇವೆ! ಅದು ನಮ್ಮ ಪ್ರೊಸೆಸ್‌ನಲ್ಲಿ ಇಲ್ಲ ಮ್ಯಾಮ್.

ಇವರ ವೆಬ್‌ಸೈಟ್ ತೆರೆದು ನೋಡಿ. ಮೊದಲ ಪುಟದಲ್ಲೇ ಹಳ್ಳಿಯ ಹೆಂಗಸರ ಫೋಟೊ, ಕೆಳಗೆ ದೇಶದ ಎಲ್ಲ ದನಿಗಳಿಗೂ ಇಲ್ಲಿ ಜಾಗವಿದೆ ಎಂದು ದಪ್ಪಕ್ಷರ. ಫೋಟೊದಲ್ಲಿ ಮಲ್ಲಮ್ಮ ಇರಬಹುದು, ಅಡುಗೆಮನೆ ಬಾಗಿಲಲ್ಲಿ ಕೂತಿರಬಾರದು. ದನಿ ಬೇಕು, ಆದರೆ ಅದು ಇಂಗ್ಲಿಷ್‌ನಲ್ಲಿ ಬರಬೇಕು. ನಾನು ಇದನ್ನೆಲ್ಲ ಅವನಿಗೆ ಹೇಳಿದೆ. ಬಹಳ ಜೋರಾಗಿ ಹೇಳಿದೆನಂತೆ. ಒಳಗಿನಿಂದ ಮನೆಯವರು, "ಬಿ.ಪಿ. ಗುಳಿಗಿ ತೊಗೊಂಡಿ ಏನು?" ಎಂದು ಕೇಳಿದರು. ಗಂಡಸರಿಗೆ ಹೆಂಗಸರ ಸಿಟ್ಟೆಲ್ಲ ಗುಳಿಗೆ ತಪ್ಪಿದ್ದರಿಂದ ಬರುವುದು ಎಂದೇ ನಂಬಿಕೆ.

ಒಂದು ಮಾತು ಕೇಳುತ್ತೇನೆ. ಬಾಣೇರ್ ಕಡೆಯ ದೊಡ್ಡ ಅಪಾರ್ಟ್‌ಮೆಂಟ್ ಸೊಸೈಟಿಗಳ ಮಕ್ಕಳೂ ಇದೇ ಸಂದರ್ಶನ ಕೊಡುತ್ತಾರಲ್ಲ, ಅವರಿಗೆ ನೆರವು ಇಲ್ಲವೇ? ಅವರ ಪ್ರಬಂಧ ತಿದ್ದುವವನೊಬ್ಬ, ಕೂರುವುದು ಏಳುವುದು ಕಲಿಸುವವನೊಬ್ಬ. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ವರ್ಷಗಟ್ಟಲೆ ಬಾಯಿಪಾಠ. ಕೋಣೆಯಲ್ಲಿ ಕೂತ ತಾಯಿ ಕ್ಯಾಮೆರಾಕ್ಕೆ ಸಿಗುತ್ತಾಳೆ, ತಲೆಯಲ್ಲಿ ಕೂತ ಕೌನ್ಸೆಲರ್ ಸಿಗುವುದಿಲ್ಲ. ಅದಕ್ಕೆ ಇವರು ಕಾನ್ಫಿಡೆನ್ಸ್ ಎಂದು ಹೆಸರಿಟ್ಟು ನಂಬರ್ ಕೊಡುತ್ತಾರೆ. ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ.

ನನ್ನ ಬೈಗುಳದ ಫಲವೋ, ಇನ್ನೊಮ್ಮೆ ಫೋನ್ ಮಾಡುತ್ತಾಳೆಂಬ ಹೆದರಿಕೆಯೋ, ಅಂತೂ ಇನ್ನೊಂದು ಈಮೇಲ್ ಬಂತು. ವಿಶೇಷ ಪ್ರಕರಣವೆಂದು ಮತ್ತೊಮ್ಮೆ ಸಂದರ್ಶನ, ಮೊದಲಿನ ಉತ್ತರಗಳು ಲೆಕ್ಕಕ್ಕಿಲ್ಲ. ಷರತ್ತುಗಳು: ಅಭ್ಯರ್ಥಿ ಒಬ್ಬಳೇ ಇರಬೇಕು. ಬಾಗಿಲು ಮುಚ್ಚಿರಬೇಕು. ಮೊದಲಿಗೆ ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ, ಮೇಜಿನ ಕೆಳಗೂ ತೋರಿಸಬೇಕು. (ಮಲ್ಲಮ್ಮ ಮೇಜಿನ ಕೆಳಗೆ ಅಡಗಿರಬಹುದಲ್ಲ!)

ಈ ಸುದ್ದಿ ಹೇಳಲು ಖುಷಿಯಿಂದ ಮೇಲೆ ಹೋದೆ. ಮಲ್ಲಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ ಮಗಳಿಗೆ ಹೇಳಿದಳು.

"ಈ ಸಲ ನನ್ನ ಸುದ್ದಿ ತೆಗೀಬ್ಯಾಡ. ಒಮ್ಮೆ ಹೇಳಿದ್ದಕ್ಕ ನಿನಗ ಕಳ್ಳಿ ಅಂದ್ರು. ಮತ್ತ ಅವರ ಮುಂದ ನನ್ನ ಹೊಟ್ಟಿ ತೆರದು ತೋರ್ಸಬ್ಯಾಡ."

ಕೊಟ್ಟ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಅವಳಿಗಿಲ್ಲವೇ? ಇದೆ. ರೇಣುಕಾ ಸುಮ್ಮನೆ ತಲೆಯಾಡಿಸಿದಳು. ವಾದ ಮಾಡಲಿಲ್ಲ.

ಸರಿ, ಆದರೆ ಕಾನೂನೇ ಯಾಕೆ ಎಂದು ಮತ್ತೆ ಕೇಳುತ್ತಾರಲ್ಲ? ಆಗ ಏನು ಹೇಳುವುದು? ಮೆಟ್ಟಿಲ ಮೇಲೆ ನಾನು ಇದನ್ನೇ ಕೇಳಿದೆ. ಹುಡುಗಿ ಮೆಟ್ಟಿಲ ಕಂಬಿ ಹಿಡಿದು ನಿಂತಳು.

"ಆ ಕೌನ್ಸೆಲರ್ ಕಡೆ ಹೋಗೋಣ್ರಿ ಕಾಕು. ನಂಗ ಸೀಟು ಬೇಕು."

ಹೋದೆವು. ಅವನು ಸಂತೋಷದಿಂದ ಬರಮಾಡಿಕೊಂಡ. ಮೊದಲೇ ಹೇಳಿದ್ದೆನಲ್ಲ ಮ್ಯಾಮ್ ಅಂದ. (ಅಂದಾಗ ನಾನು ಹಲ್ಲು ಕಚ್ಚಿ ಹಿಡಿದೆ.) ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಥೆ ಹೊಲಿದು ಕೊಟ್ಟ. ರೇಣುಕಾಳ ಶಾಲೆಯ ಗೋಡೆಯ ಮೇಲೆ ಸಂವಿಧಾನದ ಪೀಠಿಕೆ ಬರೆದಿತ್ತು. ಅವಳು ದಿನಾ ಪ್ರಾರ್ಥನೆಯ ಹೊತ್ತಿಗೆ ಅದನ್ನು ಓದುತ್ತಿದ್ದಳು. ಮಳೆಗೆ ಒಂದು ಶಬ್ದ ಅಳಿಸಿಹೋಯಿತು, ನ್ಯಾಯ ಎಂಬ ಶಬ್ದ. ಪುಟ್ಟ ರೇಣುಕಾ ಸೀಮೆಸುಣ್ಣದಿಂದ ಅದನ್ನು ಮತ್ತೆ ಬರೆದಳು. ಅಂದಿನಿಂದ ಕಾನೂನಿನ ಮೇಲೆ ಪ್ರೀತಿ.

ಅವಳ ಶಾಲೆಯ ಗೋಡೆ ನಾನು ನೋಡಿದ್ದೇನೆ. ಅದರ ಮೇಲೆ ಇದ್ದದ್ದು ಸಿಮೆಂಟಿನ ಜಾಹೀರಾತು.

ಅಷ್ಟಕ್ಕೇ ಬಿಡಲಿಲ್ಲ ಅವನು. ಅಳಿಸಿಹೋಯಿತು ಅನ್ನುವಾಗ ಸ್ವಲ್ಪ ನಿಲ್ಲು. ಕೆಳಗೆ ನೋಡು. ಸೀಮೆಸುಣ್ಣ ಅನ್ನುವಾಗ ಮೆಲ್ಲಗೆ ನಗು. ನಿನ್ನದೇ ನೆನಪು ಅನ್ನಿಸಬೇಕು, ಒಪ್ಪಿಸಿದಂತೆ ಅನ್ನಿಸಬಾರದು. ರೇಣುಕಾ ನಮ್ಮ ಹಾಲ್‌ನಲ್ಲಿ ಅಡ್ಡಾಡುತ್ತ ಇದನ್ನು ಎಷ್ಟು ಸಲ ಹೇಳಿದಳೆಂದರೆ ನನಗೂ ಬಾಯಿಗೆ ಬಂದುಬಿಟ್ಟಿದೆ. ಬೇಕಾದರೆ ಈಗಲೇ ನಿಂತು, ಕೆಳಗೆ ನೋಡಿ, ನಕ್ಕು ತೋರಿಸಬಲ್ಲೆ. ಬೆಡ್‌ರೂಮಿನಿಂದ ಮನೆಯವರೂ ತೋರಿಸಬಲ್ಲರು.

ಸಂದರ್ಶನದ ದಿನ ಮಲ್ಲಮ್ಮ ಕೇಂದ್ರಕ್ಕೆ ಹೋಗಿದ್ದಳು. ನಾನೂ ಮನೆಯವರೂ ಕೆಳಗೆ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನಮ್ಮದೇ ಮನೆಯಿಂದ ಹೊರಗೆ ಹಾಕಿಸಿಕೊಂಡವರಾಗಿ ಕೂತೆವು. ಹುಡುಗಿ ಕ್ಯಾಮೆರಾ ತಿರುಗಿಸಿದಳಂತೆ, ಮೇಜಿನ ಕೆಳಗೆ ತೋರಿಸಿದಳಂತೆ. ಅದೇ ಮೂವರು, ಅದೇ ಪ್ರಶ್ನೆಯಂತೆ. ನಿಲ್ಲಬೇಕಾದಲ್ಲಿ ನಿಂತಳು, ನೋಡಬೇಕಾದಲ್ಲಿ ನೋಡಿದಳು, ನಗಬೇಕಾದಲ್ಲಿ ನಕ್ಕಳು. ನಡುವಿನ ಹೆಂಗಸು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳಂತೆ.

ಅವ್ವನ ಮಾತಿಗೆ ಒರೆಸದ ಕಣ್ಣು ಸೀಮೆಸುಣ್ಣಕ್ಕೆ ಒರೆಸಿಕೊಂಡಿತು!

ಹೋದ ವಾರ ಫಲಿತಾಂಶ ಬಂತು. ಸೀಟು ಸಿಕ್ಕಿದೆ. ಪೂರ್ತಿ ಸ್ಕಾಲರ್‌ಶಿಪ್ ಕೂಡ. ಕೆಳಗೆ ಎರಡು ಸಾಲು ಬೇರೆ ಬರೆದಿದ್ದಾರೆ: ನಿಮ್ಮ ಪ್ರಾಮಾಣಿಕತೆ ಮತ್ತು ಸ್ವಂತ ದನಿ ನಮ್ಮನ್ನು ಬಹಳ ಮೆಚ್ಚಿಸಿದವು.

ನನಗೆ ಸಂತೋಷವಾಗಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಗಿದೆ. ಈ ಹುಡುಗಿ ವಕೀಲೆಯಾಗುತ್ತಾಳೆ, ಒಳ್ಳೆಯ ವಕೀಲೆಯೇ ಆಗುತ್ತಾಳೆ. ಆ ಸೀಟು ಅವಳಿಗೆ ಸಲ್ಲಬೇಕಾದದ್ದೇ, ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಸಂತೋಷದ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿದೆ, ಏನು ಮಾಡಿದರೂ ಇಳಿಯುತ್ತಿಲ್ಲ.

ಮೊನ್ನೆ ಸಂಜೆ ತಾಯಿ ಮಗಳು ಶೇಂಗಾ ಹೋಳಿಗೆ ಮಾಡಿಕೊಂಡು ಕೆಳಗೆ ಬಂದರು. ಈ ಸಲ ಮಲ್ಲಮ್ಮ ಒಳಗೆ ಬಂದು ಕೂತಳು. ಎಷ್ಟೋ ದಿನದ ಮೇಲೆ ಮನಸ್ಸು ಬಿಚ್ಚಿ ನಕ್ಕಳು. ಗಂಡ ಮಾರ್ಕೆಟ್ ಯಾರ್ಡ್‌ನ ಮಂದಿಗೆಲ್ಲ ಪೇಢೆ ಹಂಚಿದ್ದನ್ನು ಹೇಳಿದಳು. ಹೋಳಿಗೆಗೆ ತುಪ್ಪ ಹಾಕುತ್ತ ಸಹಜವಾಗಿ ಕೇಳಿದಳು.

"ಏನ್ ಹೇಳಿದ್ಲ್ರಿ ಅಕ್ಕಾರ ಇಕಿ, ಅವರಿಗೆ ಅಷ್ಟ ಛಲೋ ಅನಸೂವಂಥಾದ್ದು? ನಂಗ ಹೇಳವಲ್ಲಳು."

ರೇಣುಕಾ ನೆಲ ನೋಡುತ್ತಿದ್ದಳು. ನಾನು ಹೋಳಿಗೆ ಬಾಯಲ್ಲಿಟ್ಟುಕೊಂಡು ತಪ್ಪಿಸಿಕೊಂಡೆ. ಆ ತಾಯಿಗೆ ಉತ್ತರ ಹೇಳಬೇಕಾದವಳು ನಾನಲ್ಲ, ಆ ಹುಡುಗಿಯೂ ಅಲ್ಲ. ಪ್ರಾಮಾಣಿಕತೆಯ ನಿಯಮ ಬರೆದಿಟ್ಟುಕೊಂಡಿರುವ ದೊಡ್ಡವರು ಹೇಳಬೇಕು. ಹೇಗೂ ಎರಡೂ ಸಂದರ್ಶನಗಳ ರೆಕಾರ್ಡಿಂಗ್ ಅವರ ಹತ್ತಿರವೇ ಇದೆ. ಪಕ್ಕಪಕ್ಕ ಇಟ್ಟುಕೊಂಡು ನೋಡಿ, ನನ್ನ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಲಿ.

ಆ ಹುಡುಗಿ ಎರಡು ಸಲ ನಿಮ್ಮ ಮುಂದೆ ಕೂತಳು ಸ್ವಾಮಿ, ಕಾಪಿ ಹೊಡೆದದ್ದು ಯಾವ ಸಲ?